1975ರಲ್ಲೇ ನಮ್ಮ ಸಾಲಿಗೆ ಟಿವಿ ಬಂದಿತ್ತು: ವಿಜಾಪುರ ಜಿಲ್ಲೆಯ ಮಕ್ಕಳ ಕಾರ್ಯಕ್ರಮ ಯಾರಿಗೆ ನೆನಪಿದೆ?

ಡೋಣಿ ದಂಡೆ

ಎಲ್ಲರಿಗೂ ನಮಸ್ಕಾರ ರೀ. ಕಳೆದ ವಾರ ಊರಿಗೆ ಹೋಗಿದ್ದೆ. ನಮ್ಮದು ಬಸವನ ಬಾಗೇವಾಡಿ ಕಡೆಯ ಸಣ್ಣ ಊರು. ನನ್ನ ಮಗಳು ಪಡಸಾಲೆಯಲ್ಲಿ ಕೂತು ಮೊಬೈಲಿನಲ್ಲಿ ಕಾರ್ಟೂನ್ ನೋಡುತ್ತಿದ್ದಳು. ಅಪ್ಪ ಪಕ್ಕದಲ್ಲಿ ಕೂತು ಶೇಂಗಾ ಸುಲಿಯುತ್ತಿದ್ದರು. ಕೈ ನಿಲ್ಲಿಸದೇ ಅಂದರು: "ನಾ ನಾಲ್ಕನೇತ್ತ ಇದ್ದಾಗ ನಮ್ಮ ಸಾಲ್ಯಾಗೂ ಟಿವಿ ಇತ್ತವ್ವಾ. ದಿನಾ ಮುಂಜಾನೆ ಹುಡುಗರ ಕಾರ್ಯಕ್ರಮ ಬರ್ತಿತ್ತು."

ನಾನು ನಂಬಲಿಲ್ಲ. ಅಪ್ಪ ನಾಲ್ಕನೇತ್ತ, ಅಂದರೆ ನಾಲ್ಕನೇ ತರಗತಿಯಲ್ಲಿ, ಇದ್ದದ್ದು 1975ರಲ್ಲಿ. ಬೆಂಗಳೂರಿನಲ್ಲಿ ದೂರದರ್ಶನ ಶುರುವಾಗಿದ್ದೇ 1981ರ ನವೆಂಬರ್ 1ರಂದು. ರಾಜಧಾನಿಗೆ ಬರುವ ಆರು ವರ್ಷ ಮೊದಲು ನಮ್ಮ ಊರಿಗೆ ಟಿವಿ ಬಂದಿತ್ತು ಅಂದರೆ ಯಾರು ನಂಬುತ್ತಾರೆ? ವರ್ಷ ಅದಲು ಬದಲಾಗಿರಬೇಕು ಅಂದುಕೊಂಡೆ. ಆದರೆ ಅಪ್ಪ ಬಿಡಲಿಲ್ಲ. "ಬರಗಾಲ ಮುಗಿದು ಎರಡು ವರ್ಷಕ್ಕ ಬಂತು. ಅಂಗಳದಾಗ ಜಾಳಿಗಿಯ ದೊಡ್ಡ ಛತ್ರಿ ಇಟ್ಟಿದ್ರು" ಅಂದರು.

ಆ ರಾತ್ರಿ ಕೂತು ಹುಡುಕಿದೆ. ಅಪ್ಪ ಹೇಳಿದ್ದು ಅಕ್ಷರಶಃ ನಿಜ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ, ಸರಿಯಾಗಿ ಒಂದು ವರ್ಷ, ಇಸ್ರೋ ಮತ್ತು ಅಮೆರಿಕದ ನಾಸಾ ಸೇರಿ ಒಂದು ಪ್ರಯೋಗ ಮಾಡಿದ್ದವು. ಹೆಸರು 'ಸೈಟ್'. ಉಪಗ್ರಹದಿಂದ ನೇರವಾಗಿ ಹಳ್ಳಿಗೆ ಟಿವಿ ಕಳಿಸುವ ಪ್ರಯೋಗ ಅದು. ಉಪಗ್ರಹ ನಾಸಾದ್ದು, ಎಟಿಎಸ್-6. ಕಾರ್ಯಕ್ರಮ, ಹಳ್ಳಿಯಲ್ಲಿ ಇಟ್ಟ ಯಂತ್ರ, ಅದರ ದುರಸ್ತಿ ಎಲ್ಲ ನಮ್ಮವರದ್ದು. ಆರು ರಾಜ್ಯ, ಸುಮಾರು 2400 ಹಳ್ಳಿ. ನಮ್ಮ ರಾಜ್ಯದಲ್ಲಿ ಆರಿಸಿದ್ದು ಮೂರೇ ಜಿಲ್ಲೆ: ವಿಜಾಪುರ, ಗುಲ್ಬರ್ಗಾ, ರಾಯಚೂರು. ಆಗ ಬಾಗಲಕೋಟೆ ಬೇರೆ ಜಿಲ್ಲೆ ಆಗಿರಲಿಲ್ಲ. ಬಾದಾಮಿ, ಹುನಗುಂದ, ಜಮಖಂಡಿ, ಮುಧೋಳ ಎಲ್ಲ ವಿಜಾಪುರದೊಳಗೇ ಇದ್ದವು. 1997ರಲ್ಲಿ ಬೇರೆಯಾಯಿತು.

ನನಗೆ ಮೈ ಜುಂ ಅಂದದ್ದು ಇನ್ನೊಂದು ವಿಷಯಕ್ಕೆ. ಮುಂಜಾನೆಯ ಹೊತ್ತನ್ನು ಪೂರ್ತಿ ಮಕ್ಕಳಿಗೆ ಇಟ್ಟಿದ್ದರು. 5ರಿಂದ 12 ವರ್ಷದ ಸಾಲಿ ಮಕ್ಕಳಿಗೆ ಕನ್ನಡದಲ್ಲಿ ಇಪ್ಪತ್ತೆರಡೂವರೆ ನಿಮಿಷ. ಕನ್ನಡ ಮಕ್ಕಳಿಗಾಗಿ ಕನ್ನಡದಲ್ಲಿ ದಿನಾ ಬರುವ ಟಿವಿ ಕಾರ್ಯಕ್ರಮವನ್ನು ಮೊದಲು ನೋಡಿದವರು ನಮ್ಮ ಹಳ್ಳಿಯ ಹುಡುಗರು. ಇದು ನಮ್ಮ ಜಿಲ್ಲೆಯ ಯಾವ ಪುಸ್ತಕದಲ್ಲೂ ನನಗೆ ಓದಿದ ನೆನಪಿಲ್ಲ. ಸಾಲಿಯಲ್ಲಿ ನಮಗೆ ಯಾರೂ ಹೇಳಲೂ ಇಲ್ಲ.

ಆಗ ನೋಡಿದ ಮಕ್ಕಳಿಗೆ ಈಗ ಐವತ್ತೈದರಿಂದ ಅರವತ್ತೆರಡು ವರ್ಷ. ಆಗ ಕಲಿಸುತ್ತಿದ್ದ ಮಾಸ್ತರರು ಎಪ್ಪತ್ತು ದಾಟಿದ್ದಾರೆ. ನಿಮ್ಮ ಮನೆಯಲ್ಲಿ, ಓಣಿಯಲ್ಲಿ ಯಾರಾದರೂ ಇದ್ದರೆ ಕೇಳಿ ಇಲ್ಲಿ ಬರೆಯಿರಿ. ಏನು ತೋರಿಸುತ್ತಿದ್ದರು? ಯಾರು ಟಿವಿ ಹಚ್ಚುತ್ತಿದ್ದರು? ಆ ಛತ್ರಿ ಎಲ್ಲಿ ಹೋಯಿತು? ಎಷ್ಟು ಸಣ್ಣ ವಿಷಯ ಇದ್ದರೂ ಪರವಾಗಿಲ್ಲ.

ಇಂಡಿ ನಿಂಬೆ

ಅಣ್ಣಾ, ಸೈಟ್ ಪ್ರಯೋಗ ಆಗಿದ್ದು ನಿಜ ಇರಬಹುದು. ಆದರೆ ನಿಮ್ಮ ಅಪ್ಪ ನೋಡಿದ್ದು ಅದೇನಾ ಅಂತ ನನಗೆ ಅನುಮಾನ. ನಮ್ಮ ಕಡೆ ಎಲ್ಲರೂ ಟಿವಿ ಮೊದಲು ನೋಡಿದ್ದು ಎಂಬತ್ತನಾಲ್ಕು, ಎಂಬತ್ತೈದರಲ್ಲಿ. ಪಂಚಾಯಿತಿಗೆ ಒಂದು ಟಿವಿ ಬಂದಿತ್ತು, ಊರೆಲ್ಲ ಅಲ್ಲೇ ಕೂರುತ್ತಿತ್ತು. ವಯಸ್ಸಾದವರಿಗೆ ಇಸವಿ ಗೊಂದಲ ಆಗುತ್ತದೆ ಅಲ್ವಾ?

ಹಳೇ ಮಾಸ್ತರ

ತಮ್ಮಾ ಇಂಡಿಯವರೇ, ಗೊಂದಲ ಏನೂ ಇಲ್ಲ. ನಾನೇ ಆ ಟಿವಿಯ ಬೀಗ ತೆಗೆಯುತ್ತಿದ್ದವನು.

1975ರಲ್ಲಿ ನನಗೆ ಇಪ್ಪತ್ಮೂರು ವರ್ಷ. ನೌಕರಿಗೆ ಸೇರಿ ಎರಡು ವರ್ಷ ಆಗಿತ್ತು. ಸಿಂದಗಿ ಕಡೆಯ ಒಂದು ಹಳ್ಳಿ. ನಾಲ್ಕನೇತ್ತದವರೆಗೆ ಸಾಲಿ, ಇಬ್ಬರೇ ಮಾಸ್ತರರು. ಜೀಪಿನಲ್ಲಿ ನಾಲ್ಕು ಜನ ಬಂದರು. ಅವರು ತಂದಿದ್ದು ಕಬ್ಬಿಣದ ಕಡ್ಡಿ, ತಂತಿಯ ಜಾಳಿಗೆ, ಒಂದು ದೊಡ್ಡ ಪೆಟ್ಟಿಗೆ. ಕೋಳಿ ಗೂಡಿಗೆ ಹಾಕುತ್ತಾರಲ್ಲ, ಅದೇ ಥರದ ಜಾಳಿಗೆ. ಅಂಗಳದಲ್ಲಿ ಜೋಡಿಸಿದ ಮೇಲೆ ನೋಡಿದರೆ ಹತ್ತು ಅಡಿ ಅಗಲದ ಬುಟ್ಟಿ, ಮಗ್ಗುಲಾಗಿ ಆಕಾಶಕ್ಕೆ ಮುಖ ಮಾಡಿ ನಿಂತಿದೆ. ಊರಿನ ಹಿರಿಯರೊಬ್ಬರು ಬಂದು "ಇದರಾಗ ಮಳಿ ಹಿಡೀತಾರೇನ್ರಿ ಗುರುಗಳ?" ಅಂತ ಕೇಳಿದರು. ಎಪ್ಪತ್ತೆರಡರ ಬರ ಕಂಡ ಊರು ಅದು. ಆ ಪ್ರಶ್ನೆ ಕೇಳಿದ್ದರಲ್ಲಿ ತಪ್ಪೇನಿತ್ತು?

ಟಿವಿ ಕಪ್ಪು ಬಿಳುಪಿನದು. ಕಟ್ಟಿಗೆಯ ಪೆಟ್ಟಿಗೆಯಲ್ಲಿ ಕೂರಿಸಿ, ಬಾಗಿಲು ಇಟ್ಟು, ಬೀಗ ಹಾಕಿದ್ದರು. ಕೀಲಿ ನನ್ನ ಹತ್ತಿರ. ಮಲಗುವಾಗಲೂ ದಿಂಬಿನ ಕೆಳಗೆ ಇಟ್ಟುಕೊಳ್ಳುತ್ತಿದ್ದೆ. ಊರಿನಲ್ಲಿ ಅದಕ್ಕಿಂತ ಬೆಲೆಬಾಳುವ ವಸ್ತು ಇರಲಿಲ್ಲ.

ಮುಂಜಾನೆ ಮಕ್ಕಳನ್ನು ಕೂರಿಸುವುದೇ ಒಂದು ಕೆಲಸ. ಕಿಟಕಿಯಿಂದ ಬೆಳಕು ಬಿದ್ದರೆ ಪರದೆ ಮೇಲೆ ಏನೂ ಕಾಣುತ್ತಿರಲಿಲ್ಲ. ಮಕ್ಕಳೇ ಮನೆಯಿಂದ ಕಂಬಳಿ ತಂದು ಕಿಟಕಿಗೆ ಕಟ್ಟುತ್ತಿದ್ದರು. ಕೋಣೆ ಕತ್ತಲಾಗುತ್ತಿತ್ತು. ಕಂಬಳಿಯಲ್ಲಿ ಸಣ್ಣ ತೂತು ಇದ್ದರೆ ಅದರಿಂದ ಬೆಳಕಿನ ಕೋಲು ಬಂದು ಯಾರದೋ ತಲೆ ಮೇಲೆ ನಿಲ್ಲುತ್ತಿತ್ತು. ಆ ಹುಡುಗ ಅದನ್ನು ಹಿಡಿಯಲು ಕೈ ಎತ್ತುತ್ತಿದ್ದ, ಹಿಂದಿನವರು ಗದರಿಸುತ್ತಿದ್ದರು. ಕುರಿ ಉಣ್ಣೆಯ ವಾಸನೆ, ಅರವತ್ತು ಮಕ್ಕಳ ಉಸಿರು, ಆ ಟಿವಿ ಕಾಯ್ದಾಗ ಬರುವ ಬಿಸಿ ವಾಸನೆ. ಇದು ನನಗೆ ಇವತ್ತಿಗೂ ಮೂಗಿನಲ್ಲಿದೆ.

ಏನು ತೋರಿಸುತ್ತಿದ್ದರು ಅಂತ ಕೇಳಿದ್ದೀರಿ. ಪುಸ್ತಕದ ಪಾಠವನ್ನೇ ಓದಿ ಹೇಳುತ್ತಿರಲಿಲ್ಲ. ಗೊಂಬೆಯಾಟ ಇತ್ತು, ಹಾಡು ಇತ್ತು, ಕಥೆ ಇತ್ತು. ನನಗೆ ಇಷ್ಟವಾಗಿದ್ದು ವಿಜ್ಞಾನದ ಕಾರ್ಯಕ್ರಮ. ಅವನ್ನು ಇಸ್ರೋದವರೇ ತಯಾರಿಸುತ್ತಿದ್ದರು ಅಂತ ಆಮೇಲೆ ಗೊತ್ತಾಯಿತು. ಮನೆಯಲ್ಲಿ ಸಿಗುವ ಸಾಮಾನು ಇಟ್ಟುಕೊಂಡೇ ಪ್ರಯೋಗ ಮಾಡಿ ತೋರಿಸುತ್ತಿದ್ದರು. ನೀರು ತುಂಬಿದ ಲೋಟದ ಬಾಯಿಗೆ ಕಾಗದ ಹಚ್ಚಿ ಬೋರಲು ಹಿಡಿದರೂ ನೀರು ಬೀಳದ್ದನ್ನು ನಮ್ಮ ಮಕ್ಕಳು ಆ ವರ್ಷ ನೋಡಿದರು. ಮರುದಿನ ಸಾಲಿಯ ಪ್ರತಿ ಹುಡುಗನ ಅಂಗಿ ಒದ್ದೆ. ಎರಡನೇ ದಿನ ಮೂರು ಜನಕ್ಕೆ ಬಂತು. ಮೂರನೇ ದಿನ ಎಲ್ಲರಿಗೂ ಬಂತು. ಅಷ್ಟು ಹೊತ್ತಿಗೆ ಗಾಳಿಗೆ ಒತ್ತಡ ಇದೆ ಅಂತ ನಾನು ಬೋರ್ಡಿನ ಮೇಲೆ ಬರೆಯುವ ಅಗತ್ಯವೇ ಇರಲಿಲ್ಲ.

ಡೋಣಿ ದಂಡೆ

ಗುರುಗಳೇ, ನಿಮಗೆ ಸಾಷ್ಟಾಂಗ ನಮಸ್ಕಾರ. ಇದನ್ನೇ ಕಾಯುತ್ತಿದ್ದೆ. ಅಪ್ಪನಿಗೆ ಓದಿ ಹೇಳಿದೆ. ಕಂಬಳಿ ಅಂದ ಕೂಡಲೇ ಅವರ ಮುಖ ನೋಡಬೇಕಿತ್ತು. "ನಮ್ಮನಿ ಕಂಬಳಿನೂ ಒಯ್ತಿದ್ವಿ, ಅವ್ವ ಬೈತಿದ್ಲು" ಅಂದರು.

ಒಂದು ಸಂಶಯ ಇದೆ. ಛತ್ರಿ ಹೊತ್ತು ಮುಳುಗುವ ಕಡೆಗೆ ಮುಖ ಮಾಡಿತ್ತು ಅಂತ ಅಪ್ಪ ಹೇಳುತ್ತಾರೆ. ಆದರೆ ನಮ್ಮೂರಿನಲ್ಲಿ ಈಗ ಇರುವ ಎಲ್ಲ ಡಿಶ್ ಆ ಕಡೆಗೆ ಬೆನ್ನು ಮಾಡಿವೆ. ಅಪ್ಪನಿಗೆ ದಿಕ್ಕು ಮರೆತಿದೆಯೋ, ಅಥವಾ ನಿಜವಾಗಿಯೂ ಹಾಗಿತ್ತೋ?

ಜಮಖಂಡಿ ಡಿಶ್ ಕೆಲಸ

ಈ ಪ್ರಶ್ನೆಗೆ ನಾನು ಹೇಳುತ್ತೇನೆ. ಹದಿನೆಂಟು ವರ್ಷದಿಂದ ಡಿಶ್ ಕೂರಿಸುವುದೇ ನನ್ನ ಕೆಲಸ. ನಿಮ್ಮ ತಂದೆಯವರ ನೆನಪು ಸರಿ ಇದೆ. ಸರಿ ಅನ್ನುವುದಕ್ಕಿಂತ, ಅವರು ನೋಡಿದ್ದು ಸೈಟ್ ಅಂತ ಹೇಳಲು ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ.

ಈಗಿನ ಟಿವಿ ಉಪಗ್ರಹಗಳು ನಮ್ಮ ದೇಶದ ನೆತ್ತಿಗಿಂತ ಪೂರ್ವಕ್ಕೆ ಇವೆ. ದೂರದರ್ಶನದ ಫ್ರೀ ಡಿಶ್‌ನ ಉಪಗ್ರಹ 93.5 ಡಿಗ್ರಿ ಪೂರ್ವ ರೇಖಾಂಶದಲ್ಲಿದೆ. ವಿಜಯಪುರ 75.7 ಡಿಗ್ರಿಯಲ್ಲಿದೆ. ಅದಕ್ಕೇ ನಾವು ಡಿಶ್ಶನ್ನು ಆಗ್ನೇಯಕ್ಕೆ ತಿರುಗಿಸುತ್ತೇವೆ. ಆದರೆ ಎಟಿಎಸ್-6 ಅನ್ನು ಆ ವರ್ಷ ನಿಲ್ಲಿಸಿದ್ದು 35 ಡಿಗ್ರಿಯಲ್ಲಿ. ಅಂದರೆ ಆಫ್ರಿಕಾದ ಕೀನ್ಯಾ ಇದೆಯಲ್ಲ, ಅದರ ಮೇಲೆ. ನಮ್ಮಿಂದ ನಲವತ್ತು ಡಿಗ್ರಿ ಪಶ್ಚಿಮಕ್ಕೆ. ನಿನ್ನೆ ರಾತ್ರಿ ಲೆಕ್ಕ ಹಾಕಿದೆ. ನಮ್ಮ ಜಿಲ್ಲೆಯಿಂದ ಅದನ್ನು ಹಿಡಿಯಲು ಡಿಶ್ಶನ್ನು ಪಶ್ಚಿಮಕ್ಕೆ, ಸ್ವಲ್ಪ ದಕ್ಷಿಣಕ್ಕೆ ವಾಲಿಸಿ, ನೆಲದಿಂದ ಸುಮಾರು ನಲವತ್ತು ಡಿಗ್ರಿ ಎತ್ತಿ ಇಡಬೇಕಿತ್ತು. ಎಂಬತ್ತರ ದಶಕದ ಪಂಚಾಯಿತಿ ಟಿವಿಗೆ ಡಿಶ್ ಇರಲೇ ಇಲ್ಲ, ಅಲ್ಯೂಮಿನಿಯಂ ಕಡ್ಡಿಯ ಆಂಟೆನಾ ಇತ್ತು. ಇಂಡಿ ಅಣ್ಣನವರೂ ಇದನ್ನು ಒಪ್ಪುತ್ತಾರೆ ಅಂದುಕೊಳ್ಳುತ್ತೇನೆ.

ಮಾಸ್ತರರು ಕೋಳಿ ಜಾಳಿಗೆ ಅಂದರಲ್ಲ, ಅದೂ ನೂರಕ್ಕೆ ನೂರು ನಿಜ. ತೂತು ಇರುವ ಜಾಳಿಗೆಯಲ್ಲಿ ಸಿಗ್ನಲ್ ಹೇಗೆ ನಿಲ್ಲುತ್ತದೆ ಅಂತ ಕೆಲವರು ಕೇಳಬಹುದು. ಸೈಟ್ ಸಿಗ್ನಲ್ ಬರುತ್ತಿದ್ದದ್ದು 860 ಮೆಗಾಹರ್ಟ್ಜ್‌ನಲ್ಲಿ. ಆ ತರಂಗದ ಉದ್ದ ಸುಮಾರು 35 ಸೆಂಟಿಮೀಟರ್, ಒಂದು ಅಡಿಗಿಂತ ಜಾಸ್ತಿ. ಬೆರಳು ಹೋಗುವಷ್ಟು ತೂತು ಅದಕ್ಕೆ ಲೆಕ್ಕವೇ ಅಲ್ಲ. ಅದರ ಪಾಲಿಗೆ ಜಾಳಿಗೆಯೂ ಒಂದೇ, ತಗಡೂ ಒಂದೇ. ಈಗಿನ ಡಿಶ್‌ಗೆ ಬರುವ ತರಂಗ ಎರಡೂವರೆ ಸೆಂಟಿಮೀಟರಿನದು. ಅದಕ್ಕೆ ಗಟ್ಟಿ ತಗಡೇ ಬೇಕು.

ಜಾಳಿಗೆ ಹಗುರ, ಅಗ್ಗ, ಗಾಳಿ ಒಳಗೇ ಹಾದುಹೋಗುತ್ತದೆ, ಬಿಚ್ಚಿ ಜೀಪಿನಲ್ಲಿ ಒಯ್ಯಬಹುದು. ಇನ್ನೊಂದು ಲಾಭ ಇದೆ, ಕೆಲಸ ಮಾಡಿದವರಿಗೇ ಗೊತ್ತಾಗುವುದು. ಅಷ್ಟು ಉದ್ದದ ತರಂಗಕ್ಕೆ ಹತ್ತು ಅಡಿಯ ಡಿಶ್ ಮೂರು ಡಿಗ್ರಿ ಅತ್ತಿತ್ತ ಆದರೂ ಚಿತ್ರ ಹೋಗುವುದಿಲ್ಲ. ದನ ಬಂದು ಮೈ ತಿಕ್ಕಿದರೂ, ಹುಡುಗರು ಜೋತುಬಿದ್ದರೂ ನಡೆಯುತ್ತಿತ್ತು. ಈಗಿನ ಡಿಶ್ ಅಷ್ಟು ಸರಿದರೆ ನನಗೆ ಫೋನ್ ಬರುತ್ತದೆ.

ಇಷ್ಟು ಸರಳ ಆಂಟೆನಾದಲ್ಲಿ ಹಿಡಿಯಲು ಸಾಧ್ಯವಾಗಿದ್ದು ಮೇಲಿನ ಉಪಗ್ರಹದ ದೆಸೆಯಿಂದ. ಅದಕ್ಕೆ ಮೂವತ್ತು ಅಡಿ ಅಗಲದ ಆಂಟೆನಾ ಇತ್ತು. ಆಕಾಶಕ್ಕೆ ಹೋದ ಮೇಲೆ ಕೊಡೆಯ ಹಾಗೆ ಬಿಚ್ಚಿಕೊಂಡಿತ್ತು. ಆ ಕಾಲಕ್ಕೆ ಅದು ಬಹಳ ದೊಡ್ಡ ಸಾಧನೆ. ಹಳ್ಳಿಯ ಟಿವಿ ಸೆಟ್ಟುಗಳನ್ನು ಮಾಡಿದ್ದು ಹೈದರಾಬಾದಿನ ಸರ್ಕಾರಿ ಎಲೆಕ್ಟ್ರಾನಿಕ್ಸ್ ಕಂಪನಿ ಇಸಿಐಎಲ್. ಶ್ರೀಲಂಕಾದಲ್ಲಿದ್ದ ಲೇಖಕ ಆರ್ಥರ್ ಸಿ. ಕ್ಲಾರ್ಕ್ ಮನೆಯಲ್ಲೂ ಇಸ್ರೋದವರು ಇಂಥದ್ದೇ ಒಂದು ಡಿಶ್ ಕೂರಿಸಿಕೊಟ್ಟಿದ್ದರು. ಉಪಗ್ರಹದ ಮೂಲಕ ಸಂಪರ್ಕ ಸಾಧ್ಯ ಅಂತ 1945ರಲ್ಲೇ ಬರೆದವರು ಅವರು. ಅವರ ಮನೆಯಲ್ಲಿ ಇದ್ದದ್ದು, ಸಿಂದಗಿ ಕಡೆಯ ಸಾಲಿಯಲ್ಲೂ ಇತ್ತು. ನನ್ನ ಕೆಲಸದ ಬಗ್ಗೆ ಇಷ್ಟು ಹೆಮ್ಮೆ ನನಗೆ ಯಾವತ್ತೂ ಆಗಿರಲಿಲ್ಲ.

ಇಂಡಿ ನಿಂಬೆ

ಒಪ್ಪಿದೆ ಅಣ್ಣಾ. ಮಾಸ್ತರರೇ, ಅನುಮಾನ ಪಟ್ಟಿದ್ದಕ್ಕೆ ಕ್ಷಮಿಸಿ. ನಾಳೆ ನಮ್ಮ ಸೋದರಮಾವನನ್ನು ಕೇಳುತ್ತೇನೆ. ಅವರು ಚಡಚಣ ಕಡೆ ಸಾಲಿ ಕಲಿತವರು.

ಇಳಕಲ್ ಅಕ್ಕ

ನಾನು ಆಗ ಎರಡನೇತ್ತ. ಹುನಗುಂದ ತಾಲೂಕಿನ ಒಂದು ಊರು, ನನ್ನ ತವರು. ಇದನ್ನೆಲ್ಲ ಓದುತ್ತಾ ಕಣ್ಣು ತುಂಬಿ ಬಂತು. ನನ್ನ ಮಕ್ಕಳಿಗೆ ಹೇಳಿದರೆ ಅವರೂ ನಂಬಿರಲಿಲ್ಲ.

ನಾನು ಸಾಲಿಗೆ ಹೋಗುತ್ತಿದ್ದದ್ದೇ ವಾರಕ್ಕೆ ಎರಡು ದಿನ. ಅವ್ವ ಹೊಲಕ್ಕೆ ಹೋದರೆ ತಮ್ಮನನ್ನು ಹಿಡಿಯುವವರು ಬೇಕಲ್ಲ. ಟಿವಿ ಬಂದ ಮೇಲೆ ತಮ್ಮನನ್ನು ಬಗಲಲ್ಲಿ ಎತ್ತಿಕೊಂಡೇ ಹೋದೆ. ಬಾಗಿಲಲ್ಲಿ ನಿಂತೆ. ನಮ್ಮ ಗುರುಗಳು ಬೈಯಲಿಲ್ಲ. "ಒಳಗ ಬಾ, ಅಳಸಬ್ಯಾಡ" ಅಂದರು. ನನ್ನ ಹಾಗೆ ಇನ್ನೂ ನಾಲ್ಕು ಹುಡುಗಿಯರು ಕೂಸು ಎತ್ತಿಕೊಂಡು ಬರತೊಡಗಿದರು. ಹಿಂದಿನ ಗೋಡೆಗೆ ಒರಗಿ ನಾವು ಐದು ಜನ, ಐದು ಕೂಸು. ಕಾರ್ಯಕ್ರಮ ಮುಗಿದ ಮೇಲೆ ಮನೆಗೆ ವಾಪಸ್.

ಮುಗಿದ ಮೇಲೆ ಅಂದೆ, ಆದರೆ ಮುಗಿಯುತ್ತಿರಲಿಲ್ಲ. ಕನ್ನಡದ್ದು ಆದ ಮೇಲೆ ಬೇರೆ ಭಾಷೆಯದು ಬರುತ್ತಿತ್ತು. ಹಿಂದಿ, ತೆಲುಗು, ಇನ್ನೊಂದು ಯಾವುದೋ. ನಮಗೆ ಅರ್ಥವಾಗದಿದ್ದರೂ ಕದಲುತ್ತಿರಲಿಲ್ಲ. ಗುರುಗಳು ಒಮ್ಮೊಮ್ಮೆ ಬಂದ್ ಮಾಡದೇ ಬಿಡುತ್ತಿದ್ದರು. ಮಾತು ತಿಳಿಯದ ಮೇಲೆ ನಾವೇ ಕಥೆ ಕಟ್ಟುತ್ತಿದ್ದೆವು. ಅವರು ಹೀಗೆ ಅಂದಿರಬೇಕು, ಇವರು ಹಾಗೆ ಅಂದಿರಬೇಕು ಅಂತ. ಸಂಜೆ ಹೊಳೆಗೆ ಹೋದಾಗ ಆ ಕಥೆಯನ್ನೇ ಆಡುತ್ತಿದ್ದೆವು.

ಕನ್ನಡದ ಬಗ್ಗೆಯೂ ಒಂದು ಮಾತು. ಟಿವಿಯ ಮಕ್ಕಳು ಮಾತಾಡುತ್ತಿದ್ದದ್ದು ನಮ್ಮ ಕನ್ನಡ ಅಲ್ಲ. 'ಬನ್ನಿ', 'ಹೋಗೋಣ' ಅನ್ನುತ್ತಿದ್ದರು. ನಾವು 'ಬರ್ರಿ', 'ಹೋಗೂಣು' ಅನ್ನುವವರು. ಮೊದಲ ವಾರ ಮುಖ ಮುಖ ನೋಡಿದೆವು. ಆಮೇಲೆ ಅದೇ ಆಟವಾಯಿತು. ಬಾವಿಯ ಹತ್ತಿರ 'ಬನ್ನಿ ಗೆಳತಿ' ಅಂತ ಕರೆಯುವುದು, ನಗುವುದು. ಆ ಮಾತು ನನ್ನ ಕಿವಿಗೆ ಮೊದಲು ಬಿದ್ದದ್ದು ಹಾಗೆ.

ಸಂಜೆ ದೊಡ್ಡವರ ಕಾರ್ಯಕ್ರಮ. ಒಕ್ಕಲುತನ, ಆರೋಗ್ಯ, ನಾಟಕ. ಹೆಂಗಸರು ಮೊದಲ ತಿಂಗಳು ಬರಲಿಲ್ಲ. ಗಂಡಸರು ಕಟ್ಟೆ ತುಂಬಿರುತ್ತಿದ್ದರು. ಆಮೇಲೆ ನನ್ನ ಅಜ್ಜಿ ಮುಂದಾಗಿ ಚಾಪೆ ಹಿಡಿದು ಹೊರಟಳು. ಒಬ್ಬಳು ಹೋದ ಮೇಲೆ ಓಣಿಯೇ ಹೋಯಿತು. ನನ್ನ ತಮ್ಮನಿಗೆ ಲಸಿಕೆ ಹಾಕಿಸಿದ್ದು ಆ ವರ್ಷವೇ. ಟಿವಿಯಲ್ಲಿ ನೋಡಿ ಅಜ್ಜಿ ಹಟ ಹಿಡಿದಳು.

ಜಮಖಂಡಿ ಡಿಶ್ ಕೆಲಸ

ಅಕ್ಕಾರ, ನೀವು ಹೇಳಿದ್ದಕ್ಕೂ ಕಾರಣ ಇದೆ. ಉಪಗ್ರಹ ಒಂದೇ, ಚಾನೆಲ್ ಒಂದೇ. ಮುಂಜಾನೆ ಒಂದೂವರೆ ತಾಸು ಪ್ರಸಾರ. ಹಿಂದಿ, ಒಡಿಯಾ, ತೆಲುಗು, ಕನ್ನಡ ನಾಲ್ಕೂ ಭಾಷೆಗೆ ಇಪ್ಪತ್ತೆರಡೂವರೆ ನಿಮಿಷದಂತೆ ಪಾಲು. ಆರೂ ರಾಜ್ಯಕ್ಕೆ ಎಲ್ಲವೂ ಬರುತ್ತಿತ್ತು. ನೀವು ಹೇಳಿದ ಆ ಇನ್ನೊಂದು ಭಾಷೆ ಒಡಿಯಾ. ನಿಮ್ಮ ಹಾಗೆಯೇ ಸಂಬಲಪುರದ ಕಡೆಯ ಹುಡುಗಿಯರೂ ಕನ್ನಡದ ಕಾರ್ಯಕ್ರಮ ನೋಡಿ ಕಥೆ ಕಟ್ಟಿರಬಹುದು.

ಇನ್ನೊಂದು ವಿಶೇಷ: ಒಂದು ಚಿತ್ರದ ಜೊತೆ ಎರಡು ಧ್ವನಿ ಕಳಿಸುವ ಸೌಲಭ್ಯ ಅದರಲ್ಲಿತ್ತು. ಅದೇ ಚಿತ್ರವನ್ನು ಒಂದು ಕಡೆ ತೆಲುಗಿನಲ್ಲಿ, ಇನ್ನೊಂದು ಕಡೆ ಕನ್ನಡದಲ್ಲಿ ಕೇಳಬಹುದಿತ್ತು.

ಶಹಾಪುರ ಬೆಳಗಾವಿ

ನಮ್ಮ ಬೆಳಗಾವಿ ಜಿಲ್ಲೆ ಆ ಪಟ್ಟಿಯಲ್ಲಿ ಇರಲಿಲ್ಲ. ಅದಕ್ಕೆ ನನ್ನ ಹತ್ತಿರ ಆ ನೆನಪಿಲ್ಲ. ಆದರೆ ಆಮೇಲೆ ಏನಾಯಿತು ಅಂತ ಹೇಳಬೇಕು. ಈ ಕಥೆಯ ನೋವು ಅಲ್ಲಿದೆ.

ನಾನು ಎಂಬತ್ತರ ದಶಕದ ಹುಡುಗ. ನಮ್ಮ ಓಣಿಗೆ ಟಿವಿ ಬಂದಾಗ ಬರುತ್ತಿದ್ದದ್ದು ದಿಲ್ಲಿಯ ಕಾರ್ಯಕ್ರಮ, ಹಿಂದಿಯಲ್ಲಿ. ಆ ಹೊತ್ತಿಗೆ ದೇಶದ ತುಂಬಾ ಸಣ್ಣ ಸಣ್ಣ ಟ್ರಾನ್ಸ್‌ಮಿಟರ್ ಹಾಕಿದರು. ಅವು ದಿಲ್ಲಿಯದ್ದನ್ನು ಹಾಗೇ ದಾಟಿಸುತ್ತಿದ್ದವು. ಮಕ್ಕಳ ಕಾರ್ಯಕ್ರಮ ಇದ್ದವು, ನೋಡಿದ್ದೇವೆ, ಖುಷಿಪಟ್ಟಿದ್ದೇವೆ. ಆದರೆ ಕನ್ನಡದ್ದಲ್ಲ. ಬೆಂಗಳೂರು ಕೇಂದ್ರದ ಕನ್ನಡ ನಮ್ಮ ಕಡೆಗೆ ಸರಿಯಾಗಿ ಬರಲು ಬಹಳ ವರ್ಷ ಬೇಕಾಯಿತು. ಯೋಚನೆ ಮಾಡಿ. 1975ರಲ್ಲಿ ಸಿಂದಗಿಯ ಹಳ್ಳಿಯ ಹುಡುಗನಿಗೆ ದಿನಾ ಕನ್ನಡದಲ್ಲಿ ಟಿವಿ ಇತ್ತು. ಹತ್ತು ವರ್ಷ ಆದ ಮೇಲೆ ಬೆಳಗಾವಿಯಂಥ ಊರಿನ ನನಗೆ ಇರಲಿಲ್ಲ.

ಇನ್ಸಾಟ್-1ಬಿ ಉಪಗ್ರಹ 1983ರಲ್ಲಿ ಹೋಯಿತು. ಅದರ ಮೇಲೆ ಸಾಲಿ ಮಕ್ಕಳಿಗೆ ಮತ್ತೆ ಟಿವಿ ಕಾರ್ಯಕ್ರಮ ಶುರು ಮಾಡಿದರು. ಅದಕ್ಕೂ ಆರು ರಾಜ್ಯ ಆರಿಸಿದರು: ಆಂಧ್ರ, ಬಿಹಾರ, ಗುಜರಾತ್, ಮಹಾರಾಷ್ಟ್ರ, ಒಡಿಶಾ, ಉತ್ತರ ಪ್ರದೇಶ. ಸೈಟ್‌ನಲ್ಲಿದ್ದ ನಮ್ಮ ರಾಜ್ಯ ಈ ಸಲ ಇಲ್ಲ. ಒಂದು ವರ್ಷ ಕಲಿಸಿದ ಅನುಭವ ಇದ್ದ ಮಾಸ್ತರರು ಇಲ್ಲಿದ್ದರು, ನೋಡಿ ರೂಢಿಯಾದ ಊರುಗಳು ಇಲ್ಲಿದ್ದವು. ಅದು ಹಾಗೇ ಆರಿಹೋಯಿತು. ಇದು ನನಗೆ ಬಹಳ ಸಂಕಟ ಕೊಡುವ ವಿಷಯ.

ಮಕ್ಕಳಿಗಾಗಿಯೇ ಕನ್ನಡ ಚಾನೆಲ್ ಅಂತ ಚಿಂಟು ಟಿವಿ ಬಂದದ್ದು 2009ರಲ್ಲಿ. ಅದರಲ್ಲಿ ಬಹುತೇಕ ಬೇರೆ ಭಾಷೆಯ ಕಾರ್ಟೂನಿಗೆ ಕನ್ನಡ ಮಾತು ಕೂರಿಸಿದ್ದು. ತಪ್ಪು ಅನ್ನುತ್ತಿಲ್ಲ, ನನ್ನ ತಂಗಿಯ ಮಕ್ಕಳು ಅದನ್ನೇ ನೋಡಿ ಬೆಳೆದರು. ಕೊರೋನಾ ಕಾಲದಲ್ಲಿ ಚಂದನದಲ್ಲಿ 'ಸಂವೇದ' ಪಾಠ ಬಂದಾಗ ನನಗೆ ಸೈಟ್ ನೆನಪಾಗಿತ್ತು. ಆದರೆ ಅದು ಪಠ್ಯದ ಪಾಠ. ಲೋಟ ಬೋರಲು ಹಾಕಿ ಅಂಗಿ ಒದ್ದೆ ಮಾಡಿಕೊಳ್ಳುವ ಥರದ್ದು ಬೇರೆ.

ಇಂಡಿ ನಿಂಬೆ

ಸೋದರಮಾವನನ್ನು ಕೇಳಿದೆ. ಅವರ ಊರಿಗೆ ಬಂದಿರಲಿಲ್ಲವಂತೆ. ಎರಡು ಹರದಾರಿ ದೂರದ ಊರಿನಲ್ಲಿ ಇತ್ತಂತೆ. ಸಂಜೆ ಬಂಡಿ ಕಟ್ಟಿಕೊಂಡು ಹೋಗಿ ನೋಡಿ ಬರುತ್ತಿದ್ದರು. ಬರುವಾಗ ಹುಡುಗರೆಲ್ಲ ಬಂಡಿಯಲ್ಲೇ ನಿದ್ದೆ. ನಮ್ಮ ಮನೆಯಲ್ಲೇ ಇಂಥ ಮಾತು ಇತ್ತು, ನಾನು ಕೇಳಿರಲೇ ಇಲ್ಲ.

ಗುರುಗಳೇ, ಒಂದು ಪ್ರಶ್ನೆ. ಒಂದೇ ವರ್ಷದ ಕಾರ್ಯಕ್ರಮದಿಂದ ಮಕ್ಕಳಿಗೆ ನಿಜವಾಗಿ ಏನಾದರೂ ಉಪಯೋಗ ಆಯಿತಾ? ಹೊಸತು ಅಂತ ನೋಡಿದರಾ, ಅಷ್ಟೇನಾ?

ಹಳೇ ಮಾಸ್ತರ

ಒಳ್ಳೆಯ ಪ್ರಶ್ನೆ ತಮ್ಮಾ. ಆ ವರ್ಷವೇ ಅದನ್ನು ಅಳೆಯುವ ಕೆಲಸವೂ ನಡೆದಿತ್ತು. ಟಿವಿ ನೋಡಿದ ಮಕ್ಕಳ ಮಾತು ಸುಧಾರಿಸಿತ್ತು, ಹೊಸದನ್ನು ತಿಳಿಯುವ ಹಂಬಲ ಹೆಚ್ಚಿತ್ತು ಅಂತ ಕಂಡುಕೊಂಡರು. ಆದರೆ ಸಾಲಿ ಬಿಡುವ ಮಕ್ಕಳು ಕಡಿಮೆ ಆಗಲಿಲ್ಲ. ನನ್ನ ಅನುಭವವೂ ಅದೇ. ಸುಗ್ಗಿ ಬಂದರೆ ಮಕ್ಕಳು ಹೊಲಕ್ಕೆ ಹೋಗುತ್ತಿದ್ದರು. ಮನೆಯ ಬಡತನಕ್ಕೆ ಟಿವಿ ಏನು ಮಾಡೀತು? ಇಳಕಲ್ಲಿನ ತಂಗಿ ಹೇಳಿದ್ದನ್ನು ನೋಡಿ. ಕೂಸು ಎತ್ತಿಕೊಂಡು ಬಂದಳು, ನೋಡಿದಳು, ವಾಪಸ್ ಹೋದಳು. ಹಾಜರಿ ಪುಸ್ತಕದಲ್ಲಿ ಅವಳಿಗೆ ಗೈರು ಅಂತಲೇ ಬಿದ್ದಿರಬಹುದು. ಆದರೆ ಅವಳು ಕಥೆ ಕಟ್ಟಿದಳಲ್ಲ. ಅದನ್ನು ಬರೆಯಲು ಯಾವ ಪುಸ್ತಕದಲ್ಲೂ ಕಾಲಂ ಇರಲಿಲ್ಲ.

ಹೆಚ್ಚು ಬದಲಾದವರು ನಾವು ಮಾಸ್ತರರು. ಇದನ್ನು ಯಾರೂ ಹೇಳುವುದಿಲ್ಲ, ಅದಕ್ಕೆ ಹೇಳುತ್ತೇನೆ. ಅಕ್ಟೋಬರ್ ರಜೆಯಲ್ಲಿ ಅದೇ ಟಿವಿಯ ಮೂಲಕ ನಮಗೆ ತರಬೇತಿ ಕೊಟ್ಟರು. ವಿಜ್ಞಾನ, ಗಣಿತ ಹೇಗೆ ಕಲಿಸಬೇಕು ಅಂತ. ಆರು ರಾಜ್ಯದಲ್ಲಿ ಸಾವಿರಾರು ಮಾಸ್ತರರು ಒಂದೇ ಸಲ ಕೂತು ಕಲಿತರು. ಸುತ್ತಲಿನ ಊರುಗಳಿಂದ ಮಾಸ್ತರರು ಸೈಕಲ್ ಮೇಲೆ ನಮ್ಮ ಸಾಲಿಗೆ ಬಂದರು. ಟಿವಿಯಲ್ಲಿ ತೋರಿಸುವುದು, ಆಮೇಲೆ ನಾವೇ ಮಾಡಿ ನೋಡುವುದು, ಚರ್ಚೆ ಮಾಡುವುದು. ಐವತ್ತು ವರ್ಷದ ಹಿರಿಯ ಮಾಸ್ತರರೊಬ್ಬರು ನೆಲದ ಮೇಲೆ ಕೂತು ಬ್ಯಾಟರಿ ಸೆಲ್ಲಿಗೆ ತಂತಿ ಹಚ್ಚಿ ಬಲ್ಬು ಉರಿಸಿದರು. "ಮೂವತ್ತು ವರ್ಷ ಇದನ್ನ ಬಾಯಿಲೆ ಹೇಳೀನಿ, ಇವತ್ತ ಕೈಲೆ ಮಾಡಿದೆ" ಅಂದರು. ಅವರ ಕೈ ನಡುಗುತ್ತಿತ್ತು. ಅವರು ಈಗ ಇಲ್ಲ.

ನಾನು 2012ರಲ್ಲಿ ನಿವೃತ್ತನಾದೆ. ಕೊನೆಯ ದಿನದವರೆಗೂ ಲೋಟ, ಕಾಗದ, ಸೆಲ್ಲು, ತಂತಿ ನನ್ನ ಚೀಲದಲ್ಲಿ ಇದ್ದವು.

ಡೋಣಿ ದಂಡೆ

ಗುರುಗಳೇ, ಏನು ಹೇಳಬೇಕೋ ತಿಳಿಯುತ್ತಿಲ್ಲ. ನಾನು ಒಂದು ನಿರ್ಧಾರ ಮಾಡಿದ್ದೇನೆ. ಮುಂದಿನ ತಿಂಗಳಿನಿಂದ ಭಾನುವಾರ ಭಾನುವಾರ ಒಂದೊಂದು ಊರಿಗೆ ಹೋಗುತ್ತೇನೆ. ಯಾವ ಊರಿನಲ್ಲಿ ಟಿವಿ ಇತ್ತು, ಯಾವ ಸಾಲಿ, ಯಾರು ನೋಡಿದವರು ಇದ್ದಾರೆ ಅಂತ ಬರೆದಿಟ್ಟುಕೊಳ್ಳುತ್ತೇನೆ. ಅವರ ಮಾತನ್ನು ಅವರ ಧ್ವನಿಯಲ್ಲೇ ಮೊಬೈಲಿನಲ್ಲಿ ಹಿಡಿಯುತ್ತೇನೆ. ರಾಜ್ಯದಲ್ಲಿ ಸುಮಾರು ನಾನೂರು ಹಳ್ಳಿ ಅಂದರೆ ನಮ್ಮ ಹಳೆಯ ಜಿಲ್ಲೆಗೆ ನೂರಕ್ಕೂ ಹೆಚ್ಚು ಬಂದಿರಬೇಕು. ಈ ಮೂರು ಜಿಲ್ಲೆಯ ಬಗ್ಗೆ ಎಲ್ಲರೂ 'ಹಿಂದುಳಿದ' ಅಂತ ಬರೆಯುತ್ತಾರೆ. ಸೈಟ್‌ಗೆ ಆರಿಸಿದ್ದೂ ಆ ಕಾರಣಕ್ಕೇ. ಆದರೆ ಒಂದು ವರ್ಷದ ಮಟ್ಟಿಗೆ ನಾವು ಮುಂದೆ ಇದ್ದೆವು. ಅದು ನಮ್ಮ ಮಕ್ಕಳಿಗೆ ಗೊತ್ತಾಗಬೇಕು.

ಜಮಖಂಡಿ ಅಣ್ಣಾ, ನೀವೂ ಬರುತ್ತೀರಾ? ಎಲ್ಲಾದರೂ ಹಳೆಯ ಜಾಳಿಗೆಯ ಚೌಕಟ್ಟು ಸಿಕ್ಕರೆ ಗುರುತು ಹಿಡಿಯಲು ನೀವು ಬೇಕು. ಅಪ್ಪನ ಸಾಲಿಯಲ್ಲಿ ಅದರ ಕಬ್ಬಿಣದ ಬಳೆ ಬಹಳ ವರ್ಷ ಹೀರೇಕಾಯಿ ಬಳ್ಳಿಗೆ ಚಪ್ಪರ ಆಗಿತ್ತಂತೆ.

ಜಮಖಂಡಿ ಡಿಶ್ ಕೆಲಸ

ಖಂಡಿತ ಬರುತ್ತೇನೆ. ದಿಕ್ಸೂಚಿ ತರುತ್ತೇನೆ. ಕಂಬದ ಬುಡ ಸಿಕ್ಕರೂ ಸಾಕು, ಎತ್ತ ನೋಡುತ್ತಿತ್ತು ಅಂತ ಹೇಳಬಹುದು.

ಇಳಕಲ್ ಅಕ್ಕ

ನನ್ನ ತವರಿಗೆ ಬನ್ನಿ. ರೊಟ್ಟಿ ಊಟ ನಮ್ಮದು. ಆ ಐವರಲ್ಲಿ ಮೂವರು ಇದ್ದೇವೆ, ಕರೆಸುತ್ತೇನೆ.

ಗುರುಗಳೇ, ಒಂದು ಕೇಳಬೇಕು ಅಂತ ಇಷ್ಟು ವರ್ಷ ಇತ್ತು. ಅದು ನಿಂತದ್ದು ಹೇಗೆ? ನಮಗೆ ಯಾರೂ ಹೇಳಲಿಲ್ಲ.

ಹಳೇ ಮಾಸ್ತರ

ಮಾತಾಡಿಕೊಂಡಿದ್ದು ಒಂದು ವರ್ಷಕ್ಕೆ ತಂಗಿ. ಉಪಗ್ರಹ ನಾಸಾದ್ದು. ಅವಧಿ ಮುಗಿದ ಮೇಲೆ ಅದನ್ನು ಅಮೆರಿಕದ ಕಡೆಗೆ ಸರಿಸಿಕೊಂಡು ಹೋದರು. 1977ರಲ್ಲಿ ಗುಲ್ಬರ್ಗಾದಲ್ಲಿ ಟವರ್ ಹಾಕಿ ಟಿವಿ ಕೇಂದ್ರ ಮಾಡಿದರು. ಅದರ ಹತ್ತಿರದ ಊರುಗಳಿಗೆ ಸಿಕ್ಕಿತು. ನಮ್ಮಷ್ಟು ದೂರಕ್ಕೆ ಸಿಗಲಿಲ್ಲ.

ನಮಗೆ ಮೊದಲೇ ತಿಳಿಸಿದ್ದರು, ಜುಲೈ 31ಕ್ಕೆ ಕೊನೆ ಅಂತ. ಮಕ್ಕಳಿಗೆ ಹೇಳಲು ನನಗೆ ಬಾಯಿ ಬರಲಿಲ್ಲ. ನಾಳೆ ಹೇಳಿದರಾಯಿತು, ನಾಳೆ ಹೇಳಿದರಾಯಿತು ಅಂತ ದಿನ ದೂಡಿದೆ. ಅಷ್ಟರಲ್ಲಿ ಪಂಚಮಿ ಬಂತು. ಮಕ್ಕಳೆಲ್ಲ ಉಂಡಿ ತಿನ್ನುತ್ತಾ, ಜೋಕಾಲಿ ಆಡುತ್ತಾ ಹಬ್ಬದಲ್ಲಿ ಮುಳುಗಿದ್ದರು. ಶನಿವಾರ ಸಂಜೆ ಕೊನೆಯ ಪ್ರಸಾರ. ನಾನು ಒಬ್ಬನೇ ಎದ್ದು ಹೋಗಿ ಬೀಗ ಹಾಕಿದೆ.

ಹಬ್ಬ ಮುಗಿಸಿ ಮಕ್ಕಳು ಸಾಲಿಗೆ ಬಂದರು. ನಾನು ಏನೂ ಹೇಳುವ ಮೊದಲೇ ಇಬ್ಬರು ಹುಡುಗರು ಕಿಟಕಿಗೆ ಕಂಬಳಿ ಕಟ್ಟಿದ್ದರು. ಎಲ್ಲರೂ ಸಾಲಾಗಿ ಕೂತಿದ್ದರು. ನಾನು ಕೀಲಿ ತೆಗೆದು ಟಿವಿ ಹಚ್ಚಿದೆ. ಬರೀ 'ಸುರ್' ಅನ್ನುವ ಸದ್ದು, ಬಿಳಿ ಚುಕ್ಕಿ. ಮಕ್ಕಳು ಎದ್ದು ಹೋಗಲಿಲ್ಲ. ಇಪ್ಪತ್ತು ನಿಮಿಷ ಆ ಚುಕ್ಕಿಯನ್ನೇ ನೋಡುತ್ತಾ ಕೂತರು. ಆಮೇಲೆ ಒಂದನೇತ್ತದ ಒಂದು ಹುಡುಗಿ ಎದ್ದು ಬಂದು, ತನ್ನ ಜೇಬಿನಲ್ಲಿದ್ದ ಎಳ್ಳಿನ ಉಂಡಿ ತೆಗೆದು ಟಿವಿ ಪೆಟ್ಟಿಗೆಯ ಮೇಲೆ ಇಟ್ಟಳು.